ಅಮೃತಶಿಲೆಯ ಫಲಕ, ಮನೆ ಮುಂದಿನ ಕಟ್ಟೆ

ಪ್ರಶ್ನೆ: ಅಯ್ಯನವರೇ, ನನಗೆ 64 ವರ್ಷ. ಗದಗ ಕಡೆಯ ಒಂದು ಊರಲ್ಲಿ ಪ್ರಾಥಮಿಕ ಶಾಲೆ ಟೀಚರ್ ಆಗಿದ್ದು ನಿವೃತ್ತಳಾದೆ. ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು. ಮನೆ ಅವರೇ ದುಡಿದು ಕಟ್ಟಿಸಿದ್ದು, ಅವರ ಹೆಸರಲ್ಲೇ ಇದೆ. ವಿಲ್ ಬರೆದಿರಲಿಲ್ಲ. ಮಗಳು ಪುಣೆಯಲ್ಲಿ, ಮಗ ಕೆನಡಾದಲ್ಲಿ. ಮಗ ಈಗ ಸಭೆಗೆ, ಅಂದರೆ ಚರ್ಚಿಗೆ, ಹೋಗುವುದನ್ನೇ ಬಿಟ್ಟಿದ್ದಾನೆ. ಮನೆಯನ್ನು ನಮ್ಮ ಸಭೆಗೆ ಬರೆದುಕೊಟ್ಟು, ಯಜಮಾನರ ಹೆಸರಲ್ಲಿ ಒಂದು ಅಮೃತಶಿಲೆಯ ಫಲಕ ಹಾಕಿಸಬೇಕು ಅಂತ ನನ್ನ ಆಸೆ. ಮಗಳಿಗೆ ಹೇಳಿದೆ. ಆಮೇಲೆ ಎರಡು ವಾರದಿಂದ ಅವಳು ಫೋನ್ ಮಾಡಿಲ್ಲ. ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ಅಂದರೆ ನಮ್ಮದೊಂದೇ. ಯಾರಿಗಾದರೂ ಸಹಾಯ ಮಾಡಿದರೆ ಮತಾಂತರಕ್ಕೆ ಬಂದರು ಅಂದುಕೊಂಡಾರು ಎಂಬ ಭಯ. ಸಂಜೆ ಹೊತ್ತು ಪಕ್ಕದ ಮನೆಯ ಇಬ್ಬರು ಮಕ್ಕಳು ನಮ್ಮ ಕಟ್ಟೆ ಮೇಲೆ ಕೂತು ಹೋಂವರ್ಕ್ ಮಾಡುತ್ತವೆ. ಆ ಗದ್ದಲದಲ್ಲಿ ಪ್ರಾರ್ಥನೆಗೂ ಕೂರಲು ಆಗುವುದಿಲ್ಲ. ಇರುವಷ್ಟು ದಿನ ನಾಲ್ಕು ಜನಕ್ಕೆ ಆಶೀರ್ವಾದವಾಗಿ ಬದುಕಿ, ಹೋಗುವಾಗ ಏನನ್ನಾದರೂ ಬಿಟ್ಟುಹೋಗಬೇಕು. ದಾರಿ ಹೇಳಿ.

ಉತ್ತರ: ಟೀಚರಮ್ಮ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮನೆಯ ವಿಷಯವನ್ನೇ ಮೊದಲು ಮಾತಾಡೋಣ. ಅದರಲ್ಲಿ ನೀವು ಒಂದು ತಪ್ಪು ಹೆಜ್ಜೆ ಇಡುವುದರಲ್ಲಿದ್ದೀರಿ.

ಆ ಮನೆ ಪೂರ್ತಿ ನಿಮ್ಮದಲ್ಲ. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಗಂಡ ವಿಲ್ ಬರೆಯದೆ ತೀರಿಕೊಂಡರೆ, ಹೆಂಡತಿಗೆ ಆಸ್ತಿಯ ಮೂರನೇ ಒಂದು ಭಾಗ. ಉಳಿದ ಎರಡು ಭಾಗ ಮಕ್ಕಳಿಗೆ. ಮಗ, ಮಗಳು ಎಂಬ ಭೇದವಿಲ್ಲ, ಇಬ್ಬರಿಗೂ ಸಮ. ಅಂದರೆ ನಿಮ್ಮ ಮನೆಯಲ್ಲಿ ನಿಮಗೊಂದು ಪಾಲು, ಮಗಳಿಗೊಂದು, ಮಗನಿಗೊಂದು. ನಿಮ್ಮ ಪಾಲನ್ನು ನೀವು ಯಾರಿಗೆ ಬೇಕಾದರೂ ಕೊಡಬಹುದು. ಅವರ ಪಾಲನ್ನು ಕೊಡಲು ನಿಮಗೆ ಬರುವುದಿಲ್ಲ. ಮೊದಲು ವಂಶವೃಕ್ಷ ಮಾಡಿಸಿ, ಮೂವರ ಹೆಸರಿಗೂ ಖಾತೆ ಬದಲಾವಣೆಯಾಗಲಿ. ಮಕ್ಕಳಿಗೆ ಮನಸ್ಸಿದ್ದರೆ ಅವರು ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬಹುದು. ಅದು ಅವರಾಗಿಯೇ ಮಾಡಬೇಕಾದ ಕೆಲಸ. ಅತ್ತು ಕರೆದು ಮಾಡಿಸಬೇಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಪಾಲಕನಾಗಿದ್ದ (ಪಾಸ್ಟರ್ ಆಗಿದ್ದ) ಒಂದು ಸಭೆಗೆ ಒಬ್ಬ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮನೆ ಕೊಟ್ಟರು. ಮಕ್ಕಳನ್ನು ಕೇಳಿರಲಿಲ್ಲ. ಅವರು ಹೋದ ಮೇಲೆ ಮಕ್ಕಳು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಆ ಮನೆಗೆ ಬೀಗ. ಅವರ ಮೊಮ್ಮಕ್ಕಳು ಇವತ್ತಿಗೂ ಆ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ. ಅವರನ್ನು ಮಣ್ಣು ಮಾಡಿದವನು ನಾನೇ. ಕಾಗದ ಬರೆಸುವಾಗ ಅವರ ಪಕ್ಕದಲ್ಲಿ ಕೂತು "ಮಕ್ಕಳನ್ನು ಒಂದು ಮಾತು ಕೇಳಿದಿರಾ?" ಅಂತ ನಾನು ಕೇಳಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಯೇಸುಸ್ವಾಮಿ ಈ ವಿಷಯದಲ್ಲಿ ಬಹಳ ಖಡಕ್ಕಾಗಿ ಮಾತಾಡಿದ್ದಾರೆ. ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ತೆಗೆದು ನೋಡಿ. ಅಪ್ಪ ಅಮ್ಮನಿಗೆ ಸೇರಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಕೊಟ್ಟಾಗಿದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಅವರು ಗದರಿಸಿದರು. ಅಲ್ಲಿ ಮಕ್ಕಳು ಹೆತ್ತವರಿಗೆ ತಪ್ಪಿಸಿದ್ದು. ಇಲ್ಲಿ ದಿಕ್ಕು ಬೇರೆ, ಆದರೆ ವಿಷಯ ಅದೇ. ಮನೆಯವರದ್ದನ್ನು ಎತ್ತಿ ದೇವರ ಹೆಸರಲ್ಲಿ ಕೊಟ್ಟರೆ ದೇವರಿಗೆ ಅದು ಕಾಣಿಕೆಯಾಗುವುದಿಲ್ಲ.

ಇನ್ನು ನಿಮ್ಮ ಸ್ವಂತ ಪಾಲಿನ ಬಗ್ಗೆ. ಅದನ್ನು ಕೊಡುವ ಆಸೆ ಖಂಡಿತ ಒಳ್ಳೆಯದು. ಈಗಲೇ ದಾನಪತ್ರ ಮಾಡಬೇಡಿ. ದಾನಪತ್ರ ನೋಂದಣಿಯಾದ ಮೇಲೆ ಅದು ಹೋಯಿತು ಅಂತಲೇ ಲೆಕ್ಕ, ನಾಳೆ ನಿಮಗೆ ಕಷ್ಟ ಬಂದರೆ ವಾಪಸ್ ಬರುವುದಿಲ್ಲ. ವಿಲ್ ಬರೆಯಿರಿ. ನೀವು ಇರುವವರೆಗೆ ಅದನ್ನು ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ವಿಲ್‌ನಲ್ಲಿ ಯಾರಿಗೆ ಏನಾದರೂ ಬರೆದಿದ್ದೀರೋ ಅವರಿಂದಾಗಲಿ, ಅವರ ಗಂಡ ಅಥವಾ ಹೆಂಡತಿಯಿಂದಾಗಲಿ ಸಾಕ್ಷಿ ಸಹಿ ಹಾಕಿಸಬೇಡಿ. ಹಾಕಿಸಿದರೆ ಅವರಿಗೆ ಬರೆದದ್ದು ಬಿದ್ದುಹೋಗುತ್ತದೆ. ಅಳಿಯನ ಸಹಿ ಹಾಕಿಸಿ ಮಗಳ ಪಾಲು ಕಳೆಯುವುದು ಹೀಗೆಯೇ. ನೋಂದಣಿ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಬಿಡಿ.

ಒಂದು ಹಳೆಯ ಹೆದರಿಕೆ ನಮ್ಮ ಜನರಲ್ಲಿ ಇನ್ನೂ ಇದೆ. ಧರ್ಮಕಾರ್ಯಕ್ಕೆ ಆಸ್ತಿ ಬರೆಯುವ ಕ್ರೈಸ್ತರು ಸಾವಿಗೆ 12 ತಿಂಗಳ ಮೊದಲೇ ವಿಲ್ ಬರೆದಿರಬೇಕು ಎಂದು ಅದೇ ಉತ್ತರಾಧಿಕಾರ ಕಾಯ್ದೆಯ 118ನೇ ಸೆಕ್ಷನ್ ಹೇಳುತ್ತಿತ್ತು. ಹತ್ತಿರದ ಬಂಧುಗಳು ಇದ್ದವರಿಗೆ ಆ ನಿಯಮ. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಈಗ ಆ ಅಡ್ಡಿ ಇಲ್ಲ. ಆದರೆ ಸಭೆಗೆ ಬರೆಯುವಾಗ ಹೆಸರು ಸರಿಯಾಗಿರಲಿ. ನಿಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ ಇರುತ್ತದೆ, ಊರಿನ ಸಭೆಯ ಕಮಿಟಿಯ ಹೆಸರಲ್ಲಲ್ಲ. ಸುಮ್ನೆ "ನಮ್ಮ ದೇವಾಲಯಕ್ಕೆ" ಎಂದು ಬರೆದರೆ ಮುಂದೆ ಗೊಂದಲ. ಒಬ್ಬ ಒಳ್ಳೆಯ ವಕೀಲರ ಹತ್ತಿರ ಕೂತು ಬರೆಸಿ.

ಫಲಕದ ವಿಷಯಕ್ಕೆ ಬರೋಣ. ಫಲಕ ಪಾಪವಲ್ಲ, ಟೀಚರಮ್ಮ. ಯಜಮಾನರ ಹೆಸರು ಕಲ್ಲಿನ ಮೇಲಾದರೂ ಉಳಿಯಲಿ ಎನ್ನುವುದು ಪ್ರೀತಿ. ಅದಕ್ಕೆ ನಾನು ಕೈ ಮುಗಿಯುತ್ತೇನೆ. ವೆಲ್ಲೂರಿನ ಆಸ್ಪತ್ರೆಯ ಕಥೆ ನೋಡಿ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ "ವೆಲ್ಲೂರಿಗೆ ಹೋಗಿ ಬನ್ನಿ" ಅನ್ನುತ್ತಾರಲ್ಲ, ಅದೇ ಆಸ್ಪತ್ರೆ. ಡಾಕ್ಟರ್ ಐಡಾ ಸ್ಕಡರ್ 1900ರಲ್ಲಿ ಅಲ್ಲಿ ಒಂದೇ ಹಾಸಿಗೆಯಿಂದ ಕೆಲಸ ಶುರು ಮಾಡಿದರು. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆಯಾಯಿತು. ಹಣ ಕೊಟ್ಟವರು ಅಮೆರಿಕದ ಒಬ್ಬ ಬ್ಯಾಂಕರ್, ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ. ಆಸ್ಪತ್ರೆಗೆ ಮೇರಿ ಟೇಬರ್ ಶೆಲ್ ಎಂದು ಆಕೆಯದೇ ಹೆಸರಿಟ್ಟರು. ನಿಮ್ಮ ಆಸೆಯೇ ಅಲ್ವಾ ಅದು? ಆದರೆ ಇವತ್ತು ವೆಲ್ಲೂರಿಗೆ ಹೋಗಿ ಬರುವ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ಹೆಸರು ಹಿಂದೆ ಸರಿಯಿತು, ಕೊಟ್ಟದ್ದು ಮಾತ್ರ ಮುಂದೆ ನಡೆಯುತ್ತಾ ಹೋಯಿತು. 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ. ಫಲಕ ಹಾಕಿಸಿ, ಬೇಡ ಅನ್ನುವುದಿಲ್ಲ. ಕೊಟ್ಟದ್ದು ಹತ್ತು ವರ್ಷದ ಮೇಲೂ ಯಾರ ಹೊಟ್ಟೆಗೆ, ಯಾರ ಓದಿಗೆ, ಯಾರ ಔಷಧಿಗೆ ಆಗುತ್ತಿರುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಐಡಾ ಅವರ ಕಥೆಯಲ್ಲಿ ನಿಮ್ಮ ಮಗನಿಗೆ ಸಂಬಂಧಿಸಿದ್ದೂ ಒಂದಿದೆ. ಅವರ ಅಜ್ಜ ಮಿಷನರಿ ಡಾಕ್ಟರ್. ಅಪ್ಪನೂ ಅಷ್ಟೇ. ಆದರೆ 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಈ ಹುಡುಗಿಗೆ ಆ ಬದುಕು ಬೇಡವಾಗಿತ್ತು. ಬರವನ್ನೂ ಬಡತನವನ್ನೂ ಚಿಕ್ಕಂದಿನಲ್ಲೇ ನೋಡಿದ್ದಳು. ಅಮೆರಿಕದಲ್ಲಿ ಓದಿ ಅಲ್ಲೇ ಮದುವೆಯಾಗಿ ಹಾಯಾಗಿರಬೇಕು ಅಂತ ಆಸೆ. ತಾಯಿಗೆ ಹುಷಾರಿಲ್ಲ ಎಂದು ಸ್ವಲ್ಪ ದಿನಕ್ಕೆ ಅಂತ ಬಂದಳು. ಆಗ ಅಪ್ಪ ಇದ್ದದ್ದು ತಿಂಡಿವನಂನಲ್ಲಿ. ಒಂದು ರಾತ್ರಿ ಒಬ್ಬ ಬ್ರಾಹ್ಮಣ ಯುವಕ ಬಂದು, ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ನೀವು ಬನ್ನಿ ಎಂದು ಬೇಡಿಕೊಂಡ. ನಾನು ಡಾಕ್ಟರ್ ಅಲ್ಲ, ಅಪ್ಪ ಬರುತ್ತಾರೆ ಎಂದಳು. ಗಂಡಸು ಹೆರಿಗೆ ಮನೆಗೆ ಬರುವುದು ಸಾಧ್ಯವಿಲ್ಲ ಎಂದು ಅವನು ಹೊರಟುಹೋದ. ಅದೇ ರಾತ್ರಿ ಒಬ್ಬ ಮುಸ್ಲಿಂ ಗಂಡ ಬಂದ. ಆಮೇಲೆ ಇನ್ನೊಬ್ಬ. ಅವರದ್ದೂ ಅದೇ ಮಾತು. ಬೆಳಗಾಗುವಷ್ಟರಲ್ಲಿ ಮೂವರು ಬಾಣಂತಿಯರೂ ಸತ್ತಿದ್ದರು. ಅವಳು ಹೋಗಿ ಮೆಡಿಕಲ್ ಓದಿ ಬಂದಳು.

ಅಜ್ಜನ ಹೆಸರಾಗಲಿ ಅಪ್ಪನ ಬೋಧನೆಯಾಗಲಿ ಮಾಡದ ಕೆಲಸವನ್ನು ಆ ಮೂರು ಬಾಗಿಲು ತಟ್ಟುವ ಸದ್ದು ಮಾಡಿತು. ಹಾಗಂತ ಆ ಮನೆಯ ಬೆಳೆಸುವಿಕೆ ವ್ಯರ್ಥ ಅಂತಲ್ಲ. ರಾತ್ರಿ ಯಾರು ಬಂದರೂ ಬಾಗಿಲು ತೆಗೆಯುವ ಮನೆ ಅದು. ಅದನ್ನು ನೋಡಿಕೊಂಡೇ ಅವಳು ಬೆಳೆದಳು. ನಿಮ್ಮ ಮಗ ಸಭೆಗೆ ಹೋಗುತ್ತಿಲ್ಲ ಎಂದು ನೀವು ಕೊರಗುತ್ತಿದ್ದೀರಿ. ಮನೆಯನ್ನು ಸಭೆಗೆ ಕೊಡುವ ಆತುರದಲ್ಲಿ ಆ ಕೊರಗಿನದೂ ಒಂದು ಪಾಲು ಇರಬಹುದು ಅನಿಸುತ್ತದೆ. "ಮಕ್ಕಳು ಮುಂದುವರಿಸುವುದಿಲ್ಲ, ಮನೆಯಾದರೂ ದೇವರ ಪಾಲಾಗಲಿ" ಎಂಬ ಭಾವ. ಹಾಗಿದ್ದರೆ ಸ್ವಲ್ಪ ನಿಲ್ಲಿ. ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಈ ನಂಬಿಕೆ ಮೊದಲು ನಿನ್ನ ಅಜ್ಜಿಯಲ್ಲಿತ್ತು, ಆಮೇಲೆ ನಿನ್ನ ತಾಯಿಯಲ್ಲಿತ್ತು ಎನ್ನುತ್ತಾನೆ. ಅಜ್ಜಿ ಬಿಟ್ಟುಹೋದ ಹೊಲ ಗದ್ದೆಯ ಮಾತೇ ಅಲ್ಲಿಲ್ಲ. ಮಗನ ಜೊತೆ ಸಭೆಯ ವಿಷಯಕ್ಕೆ ಜಗಳವಾಡಬೇಡಿ. ಅವನ ಮಕ್ಕಳ ಹೆಸರು ಹಿಡಿದು ದಿನಾ ಪ್ರಾರ್ಥಿಸಿ, ಹಾಗೆ ಪ್ರಾರ್ಥಿಸುತ್ತಿದ್ದೀರಿ ಅಂತ ಅವನಿಗೆ ತಿಳಿದಿರಲಿ. ಅಷ್ಟು ಸಾಕು.

ಈಗ ಮಗಳು. ಅವಳು ಎರಡು ವಾರ ಫೋನ್ ಮಾಡದಿರುವುದಕ್ಕೆ ಆಸ್ತಿಯ ಆಸೆಯೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಅದು ಅವಳ ತವರು. ಅಪ್ಪ ಹೋದರು. ಈಗ ಅಮ್ಮ ತನ್ನನ್ನು ಒಂದು ಮಾತೂ ಕೇಳದೆ ತವರನ್ನೂ ಕೊಟ್ಟುಬಿಡುತ್ತಾಳೆ ಅಂತ ಅವಳಿಗೆ ಕೇಳಿಸಿರಬೇಕು. ಹೆಣ್ಣುಮಕ್ಕಳಿಗೆ ತವರು ಅಂದರೆ ಏನು ಅಂತ ನಿಮಗಿಂತ ಚೆನ್ನಾಗಿ ನನಗೆ ಗೊತ್ತಿರಲಾರದು.

ಆದಿಕಾಂಡದ 27ನೇ ಅಧ್ಯಾಯದಲ್ಲಿ ಒಂದು ಕೂಗಿದೆ. ಕಣ್ಣು ಮಂಜಾದ ಇಸಾಕನು ಹಿರಿಯ ಮಗನೆಂದುಕೊಂಡು ಕಿರಿಯವನನ್ನು ಆಶೀರ್ವದಿಸಿಬಿಡುತ್ತಾನೆ. ಬೇಟೆ ಮುಗಿಸಿ ಬಂದ ಏಸಾವ ಅಪ್ಪನ ಮುಂದೆ ಗೋಳಾಡಿ ಅಳುತ್ತಾನೆ, ನನ್ನನ್ನೂ ಆಶೀರ್ವದಿಸಪ್ಪಾ ಎಂದು. ಕಾಡು ಮೇಡು ಅಲೆಯುವ ಗಟ್ಟಿ ಆಳು ಅವನು, ಅಪ್ಪನ ಒಂದು ಒಳ್ಳೆಯ ಮಾತಿಗಾಗಿ ಹಾಗೆ ಅಳುತ್ತಾನೆ. ಎಷ್ಟೋ ಮನೆಗಳಲ್ಲಿ ಈ ಅಳುವನ್ನು ನಾನು ಕೇಳಿದ್ದೇನೆ. ಮಕ್ಕಳಿಗೆ ಫೀಸ್ ಕಟ್ಟಿರುತ್ತೇವೆ, ಮದುವೆ ಮಾಡಿರುತ್ತೇವೆ. "ನೀನು ನನ್ನ ಮಗಳಾಗಿ ಹುಟ್ಟಿದ್ದು ದೇವರ ದಯೆ" ಅಂತ ಬಾಯಿ ಬಿಟ್ಟು ಒಮ್ಮೆಯೂ ಹೇಳಿರುವುದಿಲ್ಲ. ನಮಗೆ ಅದು ಮುಜುಗರ. ಭಾನುವಾರ ಆರಾಧನೆ ಮುಗಿಯುವಾಗ ಪಾಲಕರು ಕೈ ಎತ್ತಿ ಆಶೀರ್ವಾದ ಹೇಳುತ್ತಾರಲ್ಲ, ಅದು ಅರಣ್ಯಕಾಂಡದ 6ನೇ ಅಧ್ಯಾಯದ ಮಾತು. ಮನೆಯಲ್ಲಿ ಅದನ್ನು ಹೇಳುವುದಕ್ಕೆ ನಿಮಗೆ ಯಾರ ಅಪ್ಪಣೆಯೂ ಬೇಡ. ಮಗಳಿಗೆ ನೀವೇ ಫೋನ್ ಮಾಡಿ. ಮನೆಯ ವಿಷಯ ಎತ್ತಬೇಡಿ. ಅವಳು ಚಿಕ್ಕವಳಿದ್ದಾಗ ಮಾಡಿದ ಯಾವುದಾದರೂ ಒಳ್ಳೆಯ ಕೆಲಸ ನೆನಪು ಮಾಡಿ ಹೇಳಿ. ಕೊನೆಗೆ ಅವಳ ಹೆಸರು ಹೇಳಿ ಆಶೀರ್ವದಿಸಿ. ಅವಳು ಅಳಬಹುದು. ಅಳಲಿ, ನೀವು ಫೋನ್ ಇಡಬೇಡಿ. ಮನೆಯ ಮಾತು ಮುಂದಿನ ತಿಂಗಳು ಆಡಬಹುದು, ಅವಳೂ ಅವಳ ತಮ್ಮನೂ ನೀವೂ ಮೂವರೂ ಕೂತು.

ಓಣಿಯವರ ಬಗ್ಗೆ ನಿಮಗಿರುವ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಾಲ ಹಾಗಿದೆ. ಆದರೆ ಅದಕ್ಕೆ ಸಹಾಯ ನಿಲ್ಲಿಸುವುದು ಮದ್ದಲ್ಲ. ಸಹಾಯಕ್ಕೆ ಷರತ್ತು ಕಟ್ಟದಿರುವುದು ಮದ್ದು. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹತ್ತು ಜನ ಕುಷ್ಠರೋಗಿಗಳನ್ನು ವಾಸಿ ಮಾಡುತ್ತಾರೆ. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವರೆಂದು ದೂರವಿಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಎಂದು ಸ್ವಾಮಿ ಕೇಳಿದರು ನಿಜ. ಆದರೆ ಅವರ ಕಾಯಿಲೆಯನ್ನು ತಿರುಗಿ ಕೊಡಲಿಲ್ಲ. ತಿರುಗಿ ಬರಲಿ ಬಿಡಲಿ, ವಾಸಿಯಾದದ್ದು ವಾಸಿಯಾಯಿತು. ಸಕ್ಕರೆ ಕೊಟ್ಟು ಕರಪತ್ರವನ್ನೂ ಕೈಗಿಟ್ಟರೆ ಆ ಸಕ್ಕರೆ ಯಾತಕ್ಕೆ ಬಂತು ಅಂತ ಅವರಿಗೆ ಅನುಮಾನ ಬರುವುದು ಸಹಜ. ಬರೀ ಸಕ್ಕರೆ ಕೊಡಿ. ನಿಮ್ಮ ನಂಬಿಕೆಯ ಬಗ್ಗೆ ಅವರಾಗಿ ಕೇಳಿದರೆ ಮುಚ್ಚಿಡದೆ ಹೇಳಿ.

ನಮ್ಮ ಕಡೆಯವರೇ ಆದ ಉತ್ತಂಗಿ ಚನ್ನಪ್ಪನವರನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾಲಕರು. ಸರ್ವಜ್ಞನ ವಚನಗಳು ಜನರ ಬಾಯಲ್ಲಿ, ಹಳೆಯ ಓಲೆಗರಿಗಳಲ್ಲಿ ಚೆದುರಿಹೋಗಿದ್ದವು. ಅವನ್ನು ಹುಡುಕಿ, ಕೇಳಿ, ಬರೆದುಕೊಂಡು 1924ರಲ್ಲಿ ಅಚ್ಚು ಹಾಕಿಸಿದವರು ಇವರು. ಕ್ರೈಸ್ತ ಪಾಲಕರೊಬ್ಬರು ಮನೆಮನೆಗೆ ಹೋದದ್ದು, ಆ ಮನೆಯವರ ಬಾಯಲ್ಲಿದ್ದ ಒಳ್ಳೆಯ ಮಾತನ್ನು ಕೇಳಿಸಿಕೊಳ್ಳಲು! 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಇವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ನೀವು ಶಾಲೆಯಲ್ಲಿ ಮಕ್ಕಳಿಗೆ ಎಷ್ಟು ಸರ್ವಜ್ಞನ ವಚನ ಬಾಯಿಪಾಠ ಮಾಡಿಸಿರಬೇಕು! ಅವು ನಿಮ್ಮ ಕೈಗೆ ಬರುವ ದಾರಿಯಲ್ಲಿ ನಮ್ಮದೇ ಸಭೆಯ ಒಬ್ಬ ಹಿರಿಯರು ನಿಂತಿದ್ದರು.

ಅವರಿಂದ ನಾನು ಕಲಿತದ್ದು ಇದು. ಆಶೀರ್ವಾದವಾಗಬೇಕು ಅಂದರೆ ಬರೀ ಕೊಡುವವರಾಗಿ ನಿಂತರೆ ಆಗದು, ಕೈ ಚಾಚಿ ತೆಗೆದುಕೊಳ್ಳಬೇಕು. ದಸರೆಗೆ ಪಕ್ಕದ ಮನೆಯವರು ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುತ್ತಾರಲ್ಲ, ಅದೂ ಬಾಯಿ ತುಂಬ ಹೇಳುವ ಹರಕೆಯೇ. ಬಾಗಿಲು ಹಾಕಿಕೊಂಡು ಕೂರಬೇಡಿ. ನಗುತ್ತಾ ತೆಗೆದುಕೊಳ್ಳಿ. ಕ್ರಿಸ್ಮಸ್ಸಿಗೆ ಕರ್ಚೀಕಾಯಿ, ಚಕ್ಕಲಿ ಮಾಡಿ ಎಲ್ಲ ಮನೆಗೂ ಕಳಿಸಿ. ಮಗುವಿಗೆ ಜ್ವರ ಅಂದರೆ ಆಸ್ಪತ್ರೆಗೆ ಜೊತೆಗೆ ಹೋಗಿ. ಬಾಣಂತಿ ಇರುವ ಮನೆಗೆ ಒಂದು ಹೊತ್ತಿನ ಅಡುಗೆ ಕಳಿಸಿ.

ಅಡುಗೆ ಅಂದಾಗ ಒಬ್ಬ ತಾಯಿ ನೆನಪಾಗುತ್ತಾರೆ. ನನ್ನ ಸಭೆಯಲ್ಲಿದ್ದವರು. ಸ್ವಂತ ಮನೆ ಇರಲಿಲ್ಲ, ಬ್ಯಾಂಕಿನಲ್ಲಿ ಹೆಚ್ಚೇನೂ ಇರಲಿಲ್ಲ. ಅವರ ಮಣ್ಣಿನ ದಿನ ಸ್ಮಶಾನದಲ್ಲಿ ನಮ್ಮ ಸಭೆಯವರಿಗಿಂತ ಹೊರಗಿನವರೇ ಜಾಸ್ತಿ. ತರಕಾರಿ ಗಾಡಿಯ ಒಬ್ಬ ಮುದುಕ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದ. ಏನು ಅಂತ ಕೇಳಿದೆ. ಅವನ ಹೆಂಡತಿಗೆ ಹುಷಾರಿಲ್ಲದಾಗ ಈ ತಾಯಿ ದಿನಾ ಗಂಜಿ ಕಳಿಸುತ್ತಿದ್ದ ಡಬ್ಬಿಯಂತೆ. ವಾಪಸ್ ಕೊಡುವುದು ಮರೆತುಹೋಗಿತ್ತಂತೆ. ನನಗೆ ಥಟ್ಟನೆ ಯೊಪ್ಪದ ದೊರ್ಕ ನೆನಪಾದಳು. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯ. ಅವಳು ಸತ್ತಾಗ ಊರ ವಿಧವೆಯರೆಲ್ಲ ಯೇಸುವಿನ ಶಿಷ್ಯ ಪೇತ್ರನ ಸುತ್ತ ನಿಂತು, ಅವಳು ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿ ತೋರಿಸಿ ಅತ್ತರು. ಬರೆದುಕೊಂಡು ಹೋಗಿದ್ದ ಪ್ರಸಂಗವನ್ನು ಆ ದಿನ ನಾನು ಜೇಬಿನಿಂದ ತೆಗೆಯಲೇ ಇಲ್ಲ. ಡಬ್ಬಿಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ.

ಟೀಚರಮ್ಮ, ಅಬ್ರಹಾಮನಿಗೆ ದೇವರು ಹೇಳಿದ ಮಾತಿನಲ್ಲಿ ನಮ್ಮ ಹಳೆಯ ಕನ್ನಡ ಸತ್ಯವೇದ (ಬೈಬಲ್) ಒಂದು ಚೆಂದದ ಪದ ಬಳಸಿದೆ, "ಆಶೀರ್ವಾದನಿಧಿ". ನಿಧಿ ಅಂದರೆ ನಮ್ಮ ಹಳ್ಳಿಗಳಲ್ಲಿ ಏನು ಹೇಳುತ್ತಾರೆ? ಅದು ಹೂತಿರುತ್ತದೆ, ಮನೆಯವರಿಗೇ ಗೊತ್ತಿರುವುದಿಲ್ಲ. ನಿಮ್ಮ ಪತ್ರದಲ್ಲೂ ಹಾಗೇ ಆಗಿದೆ. ಮನೆಯ ಬಗ್ಗೆ ಅಷ್ಟು ಬರೆದಿರಿ, ಫಲಕದ ಬಗ್ಗೆ ಬರೆದಿರಿ. ನಡುವೆ ದೂರಿನ ಹಾಗೆ ಒಂದು ಮಾತು ಬರೆದಿರಿ, ಇಬ್ಬರು ಮಕ್ಕಳು ಸಂಜೆ ಕಟ್ಟೆ ಮೇಲೆ ಕೂರುತ್ತವೆ ಅಂತ. ಇಷ್ಟು ವರ್ಷ ಪಾಠ ಹೇಳಿದ ನೀವು ಒಳಗಿದ್ದೀರಿ, ಓದುವ ಮಕ್ಕಳು ಹೊರಗಿದ್ದಾರೆ. ನಡುವೆ ಒಂದೇ ಬಾಗಿಲು.

ನಿಮ್ಮ ಪ್ರಾರ್ಥನೆಯ ಹೊತ್ತನ್ನು ಒಂದು ತಾಸು ಮುಂದಕ್ಕೆ ಹಾಕಿ. ದೇವರು ಕಾಯುತ್ತಾರೆ, ಆ ಮಕ್ಕಳ ವಯಸ್ಸು ಕಾಯುವುದಿಲ್ಲ. ಮೊದಲು ಅವರ ಅಮ್ಮನ ಹತ್ತಿರ ಹೋಗಿ ನೇರವಾಗಿ ಕೇಳಿ: "ನಿಮ್ಮ ಮಕ್ಕಳಿಗೆ ದಿನಾ ಸಂಜೆ ಲೆಕ್ಕ, ಕನ್ನಡ ಹೇಳಿಕೊಡಲೇನು? ದುಡ್ಡು ಬೇಡ." ಒಳಗೆ ಕರೆಯುವುದು ಬೇಡ. ಕಟ್ಟೆಯ ಮೇಲೇ ಕೂರಿಸಿ, ಓಣಿಯವರೆಲ್ಲ ನೋಡುವ ಹಾಗೆ. ಹತ್ತು ದಿನದಲ್ಲಿ ಅವರು ಐವರಾಗುತ್ತಾರೆ, ನೋಡುತ್ತಿರಿ. ಅವರಲ್ಲಿ ಒಂದು ಮಗುವಿಗೆ ಮಗ್ಗಿ ತಲೆಗೆ ಹತ್ತುವುದಿಲ್ಲ, ಎಲ್ಲರೂ ದಡ್ಡ ಅಂದಿರುತ್ತಾರೆ. ಅಂಥ ಮಗುವಿನ ಪಕ್ಕ ಕೂರುವುದು ನಿಮಗೆ ಬರುತ್ತದೆ, ನನಗೆ ಬರುವುದಿಲ್ಲ. ಮುಂದೆ ವಿಲ್ ಬರೆಸುವಾಗ ನಿಮ್ಮ ಪಾಲಿನ ಹಣ ಇಂಥ ಮಕ್ಕಳ ಫೀಸಿಗೆ ಅಂತ ಬರೆಯಬೇಕು ಅನಿಸಿದರೆ, ಮಗಳನ್ನೇ ಕೇಳಿ ನೋಡಿ, ಇದಕ್ಕೆ ಅಪ್ಪನ ಹೆಸರು ಇಡೋಣವಾ ಅಂತ.

ಒಂದು ಕರಿಹಲಗೆ, ಒಂದು ಡಬ್ಬಿ ಸೀಮೆಸುಣ್ಣ ತರಿಸಿ. ಕಟ್ಟೆಯ ಮೇಲೆ ಒಂದು ಒಳ್ಳೆಯ ಬಲ್ಬನ್ನೂ ಹಾಕಿಸಿ. ಚಳಿಗಾಲದಲ್ಲಿ ಆರು ಗಂಟೆಗೇ ಕತ್ತಲಾಗುತ್ತದೆ.